ಟ್ರೈನರಮ್ಮನ ಭಾನುವಾರ

ಮೊದಲೇ ಹೇಳಿಬಿಡುತ್ತೇನೆ, ಕಲಿಯುವುದೆಂದರೆ ನನಗೆ ಅಲರ್ಜಿಯಲ್ಲ. ಹದಿನೆಂಟು ವರ್ಷದಿಂದ ಜಿಮ್‌ನಲ್ಲಿ ಜನರ ಬೆನ್ನು, ಭುಜ, ಮಂಡಿ ನೋಡಿಕೊಂಡೇ ಅನ್ನ ತಿನ್ನುತ್ತಿದ್ದೇನೆ. ಒಮ್ಮೆ ಮಂಡಿ ಸವೆದ ಅಜ್ಜಿಯೊಬ್ಬರನ್ನು ಕುಕ್ಕರುಗಾಲಿನಲ್ಲಿ ಕೂರಿಸಿ, ಅವರ ಮಗಳ ಕೈಲಿ ಚೆನ್ನಾಗಿ ಉಗಿಸಿಕೊಂಡೆ. ಮರುದಿನವೇ ಯಾರೂ ಹೇಳದೆ ಫಿಸಿಯೋಥೆರಪಿಸ್ಟ್ ಒಬ್ಬರ ಬಳಿ ಹೋಗಿ ಆರು ತಿಂಗಳು ಮಂಡಿಯ ಪಾಠ ಕಲಿತೆ. ಈಗ ಮೆಟ್ಟಿಲು ಇಳಿಯುವ ಸದ್ದು ಕೇಳಿಯೇ ಯಾವ ಕಾಲು ನೋಯುತ್ತಿದೆ ಎಂದು ಹೇಳಬಲ್ಲೆ. ಜಂಬ ಅಂದುಕೊಳ್ಳಿ, ಪರವಾಗಿಲ್ಲ.

ನಮ್ಮ ಮಾಲೀಕರಿಗೆ ಬೇಕಾದ ಕಲಿಕೆಯೇ ಬೇರೆ. ಮೂರು ತಿಂಗಳಿಗೊಂದು ಸರ್ಟಿಫಿಕೇಟ್ ಗೋಡೆಗೇರಬೇಕು. ಕ್ಲಾಸು ಭಾನುವಾರ, ಬೆಳಗ್ಗೆ ಏಳರಿಂದ ಸಂಜೆ ಐದರವರೆಗೆ. ಭಾನುವಾರ ನಮಗಿರುವ ಒಂದೇ ಒಂದು ರಜೆ. ನಾನು ಬಾಯಿ ಮುಚ್ಚಿಕೊಂಡು ಐದು ಭಾನುವಾರ ಹೋದೆ. ಐದನೆಯದರ ಪಾಠ ಯಾವುದು ಗೊತ್ತೇ? ವಿಶ್ರಾಂತಿ.

"ಸ್ನಾಯು ಬೆಳೆಯೋದು ಭಾರ ಎತ್ತುವಾಗ ಅಲ್ಲ, ಸುಮ್ನೆ ಮಲಗಿದಾಗ," ಎಂದರು ಪಾಠದ ಮೇಷ್ಟ್ರು.

ನಾನು ಎದ್ದು ನಿಂತು ಕೇಳಿದೆ, "ತಲೆಗೆ ಯಾವಾಗ ಸರ್ ರಜಾ?"

ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕು ಮುಂದಿನ ಸ್ಲೈಡಿಗೆ ಹೋದರು. ನಾನು ತಮಾಷೆಗೆ ಕೇಳಿರಲಿಲ್ಲ. ಆ ದಿನಗಳಲ್ಲಿ ನಿದ್ದೆಯಲ್ಲೂ "ಹನ್ನೊಂದು, ಹನ್ನೆರಡು, ಇನ್ನೊಂದೇ ಒಂದು" ಎಂದು ಎಣಿಸುತ್ತಿದ್ದೆನಂತೆ. "ಯಾರನ್ನೇ ಹೀಗೆ ಗೋಳು ಹೊಯ್ಕೊಳ್ತೀಯ?" ಎಂದು ಪಕ್ಕದಲ್ಲಿ ಮಲಗುವ ಅಕ್ಕ ತಿವಿದು ಎಬ್ಬಿಸುತ್ತಿದ್ದಳು.

ಮರುದಿನ ಸೋಮವಾರ ಬೆಳಗ್ಗೆ ಆರಕ್ಕೆ ಬಂದವರು ನಮ್ಮ ಟೈಲರ್ ಅಣ್ಣ. ಬಗ್ಗಿ ಹೊಲಿದೂ ಹೊಲಿದೂ ಗೂನಾಗಿದ್ದ ಅವರ ಭುಜವನ್ನು ಎರಡು ವರ್ಷ ಹಿಡಿದು ನೆಟ್ಟಗೆ ಮಾಡಿದ್ದೆ. ಅವರು ಬೆಂಚಿನ ಮೇಲೆ ಅಂಗಾತ ಮಲಗಿದರು. ನಾನು ಬಾರ್‌ಗೆ ಪ್ಲೇಟ್ ಹಾಕಿದೆ. ಒಂದು ಕಡೆ ಹತ್ತು ಕೆಜಿ, ಇನ್ನೊಂದು ಕಡೆ ಹದಿನೈದು. ಹೌದು, ನಾನೇ ಹಾಕಿದ್ದು. ಹೊಸದಾಗಿ ಸೇರಿದವರೂ ಮಾಡದ ತಪ್ಪು. ಅವರು ಎತ್ತುತ್ತಲೇ ಬಾರ್ ಒಂದೇ ಕಡೆ ವಾಲಿತು. ನಾನು ಹಿಡಿಯುವಷ್ಟರಲ್ಲಿ ಅವರ ಬಲಗೈ ಮಣಿಕಟ್ಟು ತಿರುಚಿತ್ತು. ಕತ್ತರಿ ಹಿಡಿದು ಸಂಸಾರ ಸಾಕುವ ಕೈ ಅದು.

ಕೌಂಟರಿನಲ್ಲಿ ಅಪಘಾತದ ರಿಜಿಸ್ಟರ್ ಇದೆ. ಅದರಲ್ಲಿ ಬರೆದೆ: ತಪ್ಪು ನನ್ನದು, ಕಾರಣ ಐದು ವಾರದಿಂದ ರಜೆ ಇಲ್ಲ. ಬರೆದು ಮುಗಿಸಿ, ಮುಂದಿನ ಭಾನುವಾರ ಬರುವುದಿಲ್ಲವೆಂದು ಮಾಲೀಕರಿಗೆ ಮೆಸೇಜ್ ಹಾಕಿದೆ.

ಆ ಭಾನುವಾರ ಫೋನ್ ಆಫ್ ಮಾಡಿ ಮನೆಯಲ್ಲೇ ಕೂತೆ. ಸುಮ್ಮನೆ ಕೂರುವುದು ಸುಲಭವೆಂದುಕೊಂಡಿರಾ? ಮಧ್ಯಾಹ್ನದವರೆಗೆ ತಲೆ ಗಿರಣಿಯ ಹಾಗೆ ತಿರುಗುತ್ತಲೇ ಇತ್ತು. ಅಕ್ಕ ತಂದಿಟ್ಟ ಒಗೆದ ಬಟ್ಟೆಯ ರಾಶಿಯನ್ನು ಮಡಚುತ್ತ ಕೂತೆ. ಯಾವಾಗಲೋ ಎಣಿಸುವುದು ನಿಂತುಹೋಗಿತ್ತು. ಸಂಜೆ ಕನ್ನಡಿಯಲ್ಲಿ ನೋಡಿಕೊಂಡಾಗ ನನ್ನ ಮುಖ ನನ್ನದೇ ಅನ್ನಿಸಿ ಅಳು ಬಂತು.

ಮರುದಿನ ಮಾಲೀಕರು ಬಾಗಿಲಲ್ಲೇ ಕಾಯುತ್ತಿದ್ದರು. ಕೈಯಲ್ಲಿ ರಿಜಿಸ್ಟರ್.

"ಇದನ್ನ ಇನ್ಶೂರೆನ್ಸ್‌ನವರು ಓದಿದ್ರೆ ಏನಮ್ಮಾ ಗತಿ? ಇದನ್ನ ಹೊಡೆದುಹಾಕಿ, ಟೈಲರ್ರೇ ಪ್ಲೇಟ್ ಹಾಕ್ಕೊಂಡ್ರು ಅಂತ ಬರಿ. ಭಾನುವಾರ ತಾನೆ ನಿಂಗೆ ಬೇಕಾಗಿರೋದು? ತಗೋ, ಇನ್ಮೇಲೆ ಒಂದು ಭಾನುವಾರಕ್ಕೂ ಕರೆಯಲ್ಲ."

ಮೂಗಿಗೆ ತುಪ್ಪ ಸವರುವುದೆಂದರೆ ಹೀಗೆ. ಸುಳ್ಳೇಕೆ, ಒಂದು ಗಳಿಗೆ ನನ್ನ ಮನಸ್ಸು ಹೊಯ್ದಾಡಿತು. ಅವರು ಚಾಚಿದ ಪೆನ್ನು ಕೈಗೆ ತಗೊಂಡದ್ದೂ ನಿಜ. ಆಮೇಲೆ ಟೈಲರ್ ಅಣ್ಣನ ಹೆಸರು ಬರೆಯಬೇಕಾದ ಜಾಗ ನೋಡಿ ಪಿತ್ತ ನೆತ್ತಿಗೇರಿತು.

"ತಪ್ಪೂ ನಂದೇ ಸರ್, ಭಾನುವಾರಾನೂ ನಂದೇ. ಒಂದನ್ನ ಮಾರಿ ಇನ್ನೊಂದನ್ನ ಕೊಳ್ಳಲ್ಲ. ಕಲೀಬೇಕು ಅಂದ್ರೆ ಕೆಲಸದ ದಿನ ಕಲಿಸಿ, ಮೊದಲನೇ ಸಾಲಲ್ಲಿ ಕೂರ್ತೀನಿ."

"ಹಾಗಾದ್ರೆ ಈ ತಿಂಗಳೇ ಕೊನೆ."

"ಆಗ್ಲಿ. ಆರು ಗಂಟೆಯೋರು ಬಂದಿದ್ದಾರೆ, ದಾರಿ ಬಿಡಿ."

ಒಳಗೆ ಟೈಲರ್ ಅಣ್ಣ ನಿಂತಿದ್ದರು, ಮಣಿಕಟ್ಟಿಗೆ ಪಟ್ಟಿ. ನಾಲ್ಕು ದಿನ ಕತ್ತರಿ ಮುಟ್ಟಿರಲಿಲ್ಲವಂತೆ. ಬಾಗಿಲಲ್ಲಿ ಆಡಿದ ಮಾತಷ್ಟೂ ಅವರಿಗೆ ಕೇಳಿಸಿತ್ತು, ಮುಖ ನೋಡಿದರೇ ಗೊತ್ತಾಗುತ್ತಿತ್ತು. ನಾನು ಬರೀ ಬಾರ್ ಇಟ್ಟು, ಅವರು ಕೇಳಿದ್ದಕ್ಕೆ ಎರಡೂ ಕಡೆ ಚಿಕ್ಕ ಪ್ಲೇಟ್ ಹಾಕಿದೆ.

"ಮಲಗೋಕೆ ಮುಂಚೆ ಎರಡೂ ಕಡೆ ಒಂದ್ಸಲ ನೀವೇ ನೋಡ್ಬಿಡಿ ಅಣ್ಣ," ಎಂದೆ.

"ನೀನು ನೋಡಿದೀಯ ತಾನೆ?"

"ನೋಡಿದೀನಿ."

ಅವರು ಪ್ಲೇಟುಗಳ ಕಡೆ ತಿರುಗಲೂ ಇಲ್ಲ. ಬೆಂಚಿನ ಮೇಲೆ ಒರಗಿ ಬಾರ್ ಕೆಳಗೆ ಕತ್ತು ಕೊಟ್ಟು ಮಲಗಿದರು.