ಪಟೇಲರ ಪುಸ್ತಕದಲ್ಲಿ ನನ್ನ ವಯಸ್ಸು

ನನ್ನದು ಮೊದಲಿಂದಲೂ ಸಂಶಯದ ಬುದ್ಧಿ. ಅಂಗಡಿಯವರು ನಗುನಗುತ್ತಾ ಬೆಲ್ಲ ತೂಗಿದರೆ ನನ್ನ ಕಣ್ಣು ಅವರ ಮುಖದ ಮೇಲಲ್ಲ, ತಕ್ಕಡಿಯ ಮುಳ್ಳಿನ ಮೇಲೆ. ಆದ್ದರಿಂದ ಪುತ್ತೂರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಗಣಿತದ ಅಧ್ಯಾಪಕರು ನನ್ನೊಬ್ಬನನ್ನೇ ಕರೆದು, "ನೀನು ಆಕ್ಚುವರಿ ಯಾಕಾಗಬಾರದು?" ಎಂದಾಗ ನನಗೆ ಮೊದಲು ಹೊಳೆದದ್ದು, ಇದರಲ್ಲಿ ಇವರಿಗೇನು ಲಾಭ ಎಂಬುದೇ.

ಆ ಶಬ್ದವನ್ನು ನಾನು ಕೇಳಿದ್ದೇ ಅಂದು. ಜೀವವಿಮೆಯ ಕಂತು ಎಷ್ಟಿರಬೇಕೆಂದು ಗಣಿತದಿಂದ ನಿರ್ಧರಿಸುವವರು ಎಂದು ಅವರು ವಿವರಿಸಿದರು. ಒಬ್ಬ ಮನುಷ್ಯ ಯಾವಾಗ ಸಾಯುತ್ತಾನೆಂದು ದೇವರಿಗೇ ಗೊತ್ತು, ಆದರೆ ಒಂದೇ ವಯಸ್ಸಿನ ಸಾವಿರ ಜನರಲ್ಲಿ ಈ ವರ್ಷ ಸುಮಾರು ಎಷ್ಟು ಮಂದಿ ಸಾಯುತ್ತಾರೆಂದು ಲೆಕ್ಕ ಹಾಕಬಹುದಂತೆ. ಪರೀಕ್ಷೆಗಳು ಲಂಡನ್ನಿನವು. ಮುಂಬೈಯ ವಿಮಾ ಕಚೇರಿಯೊಂದು ಗಣಿತ ಕಲಿತ ಹುಡುಗರನ್ನು ತರಬೇತಿಗೆ ತೆಗೆದುಕೊಂಡು ಆ ಪರೀಕ್ಷೆಗಳಿಗೆ ತಾನೇ ಓದಿಸುತ್ತದೆ ಎಂದೂ ಹೇಳಿದರು. ತಮ್ಮ ದಪ್ಪ ಪುಸ್ತಕವೊಂದನ್ನು ಓದಲು ಕೊಟ್ಟರು. ಹಾಳೆ ಹರಿದದ್ದನ್ನು ಮುಂದೆ ನನ್ನ ತಲೆಗೆ ಕಟ್ಟಬಾರದಲ್ಲ ಎಂದು ನಾನು ಅವರೆದುರೇ ಪುಟ ತಿರುವಿ ನೋಡಿಕೊಂಡೆ. ಅವರು ನಕ್ಕರು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಆ ಪುಸ್ತಕದ ಕೊನೆಯಲ್ಲಿ ಒಂದು ಕೋಷ್ಟಕವಿತ್ತು. ಮೇಲಿನ ಸಾಲಿನಲ್ಲಿ ಆಗಷ್ಟೇ ಹುಟ್ಟಿದ ಒಂದು ಲಕ್ಷ ಶಿಶುಗಳು. ಕೆಳಗಿಳಿದಂತೆ ಪ್ರತಿ ವರ್ಷಕ್ಕೂ ಎಷ್ಟು ಮಂದಿ ಉಳಿದರು ಎಂಬ ಅಂಕಿ. ತೊಂಬತ್ತು ದಾಟುವಾಗ ಬೆರಳೆಣಿಕೆಯವರು. ಇಡೀ ಮನುಷ್ಯಕುಲ ಒಂದು ಪುಟದಲ್ಲಿ ಮೆಲ್ಲನೆ ಕರಗುತ್ತಿತ್ತು. ಬಾಡಿಗೆ ಕೋಣೆಯಲ್ಲಿ ಗಂಜಿ ಬೇಯುತ್ತಿರುವಾಗಲೂ ನಾನು ಅದನ್ನೇ ನೋಡುತ್ತಿದ್ದೆ. ಚಕ್ರಬಡ್ಡಿ, ಸಂಭಾವ್ಯತೆ, ಅಂತರಗಳ ಗಣಿತ ಎಲ್ಲವನ್ನೂ ಹಸಿದವನಂತೆ ಓದಿದೆ. ಜೀವನದಲ್ಲಿ ಒಂದು ವಸ್ತು ನನಗೆ ಬೇಕೇ ಬೇಕು ಎನ್ನಿಸಿದ್ದು ಅದೇ ಮೊದಲು.

ಅಡ್ಡಿಯಾದದ್ದು ವಯಸ್ಸು. ತರಬೇತಿಗೆ ಸೇರುವವನಿಗೆ ಜುಲೈ ಒಂದಕ್ಕೆ ಇಪ್ಪತ್ತೊಂದು ತುಂಬಿರಬಾರದು. ನನ್ನ ಸರ್ಟಿಫಿಕೇಟಿನ ಪ್ರಕಾರ ಫೆಬ್ರವರಿಯಲ್ಲೇ ತುಂಬಿತ್ತು. ಅಧ್ಯಾಪಕರು ಧೈರ್ಯ ಹೇಳಿದರು. "ನಮ್ಮ ಕಡೆಯ ಶಾಲೆಯ ಮೇಷ್ಟ್ರುಗಳು ಬರೆದ ಹುಟ್ಟಿದ ದಿನವನ್ನು ನಂಬಲಿಕ್ಕುಂಟಾ? ಊರಿಗೆ ಹೋಗಿ ಪಟೇಲರ ಪುಸ್ತಕ ನೋಡು. ಹಾಗೇ ಒಂದಷ್ಟು ಜನನ ಮರಣ ಬರೆದುಕೊಂಡು ಬಾ, ನಿನ್ನೂರಿನದ್ದೇ ಒಂದು ಕೋಷ್ಟಕ ಮಾಡುವ."

ಶನಿವಾರ ಬಸ್ಸು ಹಿಡಿದು ಜಾಲ್ಸೂರಿನಲ್ಲಿ ಇಳಿದು, ಅಲ್ಲಿಂದ ನಡೆದು ಮಂಡೆಕೋಲು ಸೇರಿದೆ. ಊರಿನ ಹುಟ್ಟುಸಾವು ಬರೆದಿಡುವುದು ಪಟೇಲರ ಕೆಲಸ. ಅವರು ನನಗಿಂತ ದೊಡ್ಡ ಸಂಶಯಗಾರರು.

"ನಿನಗೆಂತಕ್ಕೆ ಮಾರಾಯ ಸತ್ತವರ ಪಟ್ಟಿ? ಗೇಣಿಯದ್ದು ಹೊಸ ಕಾನೂನು ಬರ್ತದಂತೆ. ಅದಕ್ಕೆಂತಾದ್ರೂ ಬರ್ಕೊಳ್ತಿದ್ದೀಯಾ?"

"ಇಲ್ಲ ಪಟೇಲ್ರೆ, ಕಾಲೇಜಿನ ಲೆಕ್ಕಕ್ಕೆ."

"ಸತ್ತವರದ್ದೂ ಲೆಕ್ಕ ಉಂಟಾ ಕಾಲೇಜಿನಲ್ಲಿ?" ಎನ್ನುತ್ತಾ ಪುಸ್ತಕ ಕೊಟ್ಟರು. ನಾನು ಬರೆದು ಮುಗಿಸುವವರೆಗೂ ಎದುರಿನಿಂದ ಕದಲಲಿಲ್ಲ.

ಬರೆಯುತ್ತಾ ಹೋದಂತೆ ಒಂದು ವಿಚಿತ್ರ ಕಂಡಿತು. ನಮ್ಮೂರಿನಲ್ಲಿ ಮುದುಕರು ಸತ್ತಿದ್ದರು, ಬಾಣಂತಿಯರು ಸತ್ತಿದ್ದರು, ಮರದಿಂದ ಬಿದ್ದವರಿದ್ದರು. ಆದರೆ ವರ್ಷದೊಳಗಿನ ಶಿಶು ಒಂದೂ ಸತ್ತಿರಲಿಲ್ಲ. ಲಂಡನ್ನಿನಲ್ಲೂ ಸಾಯುವ ಶಿಶುಗಳು ಮಂಡೆಕೋಲಿನಲ್ಲಿ ಸಾಯುವುದಿಲ್ಲವೆಂದರೆ ಯಾರು ನಂಬುತ್ತಾರೆ? ಪಟೇಲರನ್ನು ಕೇಳಿದೆ.

"ಹಲ್ಲು ಬಾರದ ಮಕ್ಕಳನ್ನು ಸುಡ್ಲಿಕ್ಕಿಲ್ಲ, ಹುಗಿಯುದು. ಉತ್ತರಕ್ರಿಯೆ ಇಲ್ಲ, ಊಟ ಇಲ್ಲ. ಹಿರಿಯರಿಗೆ ಎಲೆ ಹಾಕಿ ಬಡಿಸುವಾಗ ಅವಕ್ಕೆ ಎಲೆಯೂ ಇಲ್ಲ. ಹಾಗಿರುವಾಗ ನನ್ನ ಹತ್ರ ಬಂದು ಬರೆಸುದು ಯಾರು?"

ಆಮೇಲೆ ನನ್ನ ಹೆಸರು ಹುಡುಕಿದೆ. ಸಿಕ್ಕಿತು. ಅಪ್ಪನ ಹೆಸರು, ಮನೆಯ ಹೆಸರು, ಎಲ್ಲ ಸರಿ. ದಿನಾಂಕ ಸರ್ಟಿಫಿಕೇಟಿನಲ್ಲಿದ್ದದ್ದೇ. ನನ್ನ ಮುಖ ಬಾಡಿದ್ದನ್ನು ಕಂಡು ಪಟೇಲರಿಗೆ ಸಮಾಧಾನವಾದಂತೆ ತೋರಿತು.

ದಾರಿಯಲ್ಲಿ ಬರುವಾಗ ಮಾತ್ರ ತಲೆಯೊಳಗೆ ಹುಳ ಕೊರೆಯತೊಡಗಿತು. ನಮ್ಮೂರಿನಲ್ಲಿ ಯಾರ ಸರ್ಟಿಫಿಕೇಟೂ ಪಟೇಲರ ಪುಸ್ತಕಕ್ಕೆ ತಾಳೆಯಾಗುವುದಿಲ್ಲ, ನನ್ನದೊಂದೇ ಹೇಗೆ ದಿನ ತಪ್ಪದೆ ಕೂಡಿಬಂತು? ಅದೂ ಅಲ್ಲದೆ, ನಾನು ಹುಟ್ಟಿದ ದಿನ ಹೊಳೆ ತುಂಬಿ ಸೂಲಗಿತ್ತಿಯನ್ನು ದೋಣಿಯಲ್ಲಿ ದಾಟಿಸಿದ್ದರು ಎಂದು ಅವ್ವ ಎಷ್ಟು ಸಲ ಹೇಳಿಲ್ಲ? ಫೆಬ್ರವರಿಯಲ್ಲಿ ಆ ಹೊಳೆಯನ್ನು ಕೋಳಿಯೂ ನಡೆದು ದಾಟುತ್ತದೆ.

ಅಪ್ಪ ಜಗಲಿಯಲ್ಲಿ ಕತ್ತಿ ಮಸೆಯುತ್ತಿದ್ದರು. "ನಾನು ಹುಟ್ಟಿದ್ದು ಮಳೆಗಾಲದಲ್ಲಾ, ಬೇಸಗೆಯಲ್ಲಾ?" ಎಂದು ಕೇಳಿದೆ. ಮಸೆಯುವ ಕೈ ನಿಂತಿತು.

"ಪುಸ್ತಕದಲ್ಲಿ ಇದ್ದದ್ದೇ ಸರಿ. ಸರಕಾರದ ಪುಸ್ತಕ ಸುಳ್ಳು ಹೇಳ್ತದಾ?"

ಸರಕಾರದ ಕಾಗದವೆಲ್ಲ ಸುಳ್ಳು ಎಂದು ದಿನಾ ಬೈಯುವ ಮನುಷ್ಯ! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. ನಾನು ಇವರ ಮಗನೇ ಅಲ್ಲವೋ ಏನೋ ಎಂಬಲ್ಲಿಗೆ ಹೋಯಿತು ನನ್ನ ಬುದ್ಧಿ. ಕನ್ನಡಿಯೆದುರು ನಿಂತು ಮೂಗು ನೋಡಿಕೊಂಡೆ. ಅಪ್ಪನದೇ ಮೂಗು, ಅನುಮಾನವಿರಲಿಲ್ಲ. ಹಾಗಾದರೆ ಮುಚ್ಚಿಡುತ್ತಿರುವುದೇನು?

ಅವ್ವ ಅಡುಗೆಮನೆಯಲ್ಲಿ ತೆಂಗಿನಕಾಯಿ ಹೆರೆಯುತ್ತಿದ್ದಳು. ಕೇಳಿದೆ. ಹೆರೆಯುವುದನ್ನು ನಿಲ್ಲಿಸದೆ ಹೇಳಿದಳು.

"ಆ ಪುಸ್ತಕದಲ್ಲಿರುದು ನೀನಲ್ಲ. ನಿನ್ನ ಅಣ್ಣ."

ನನಗೊಬ್ಬ ಅಣ್ಣನಿದ್ದನೆಂದು ನನಗೆ ಗೊತ್ತಾದದ್ದು ಹೀಗೆ. ಐದು ತಿಂಗಳು ಬದುಕಿದ್ದನಂತೆ. ಚೊಚ್ಚಲ ಮಗನೆಂದು ಅಜ್ಜನ ಹೆಸರಿಟ್ಟು, ಅಪ್ಪ ಅಂದೇ ಹೋಗಿ ಪಟೇಲರಲ್ಲಿ ಬರೆಸಿದ್ದರು. ಸತ್ತದ್ದನ್ನು ಬರೆಸಲಿಲ್ಲ, ಹಲ್ಲು ಬಂದಿರಲಿಲ್ಲವಲ್ಲ. ಎರಡು ವರ್ಷ ಕಳೆದು ನಾನು ಹುಟ್ಟಿದೆ. ಅಜ್ಜನ ಹೆಸರು ಉಳಿಯಬೇಕೆಂದು ನನಗೂ ಅದನ್ನೇ ಇಟ್ಟರು. ಹೆಸರು ಹೇಗೂ ಪುಸ್ತಕದಲ್ಲಿ ಇದೆಯಲ್ಲ, ಇನ್ನೊಮ್ಮೆ ಯಾಕೆ ಬರೆಸುವುದು ಎಂದರಂತೆ ಅಪ್ಪ. ಶಾಲೆಗೆ ಸೇರಿಸುವಾಗ ಪಟೇಲರಿಂದ ಹುಟ್ಟಿದ ದಿನದ ಚೀಟಿ ತಂದುಕೊಟ್ಟದ್ದೂ ಅವರೇ.

ಹೇಳುವುದಕ್ಕೆ ಸಂಕಟವಾಗುತ್ತದೆ, ಆದರೆ ಆ ಕ್ಷಣ ನನಗೆ ಆದದ್ದು ದುಃಖವಲ್ಲ, ಸಂತೋಷ. ನನಗಿನ್ನೂ ಹತ್ತೊಂಬತ್ತೂ ತುಂಬಿಲ್ಲ! ಅಣ್ಣನ ಸಾವನ್ನು ಬರೆಸಿ ನನ್ನ ಹುಟ್ಟನ್ನು ಬರೆಸಿದರೆ ಮುಂಬೈ ನನ್ನದು. "ಬರೆಸುವ" ಎಂದೆ. "ಆಯ್ತು" ಎಂದಳು ಅವ್ವ. ಇಷ್ಟು ಸುಲಭಕ್ಕೆ ಯಾಕೆ ಒಪ್ಪಿದಳು ಎಂದು ಅದಕ್ಕೂ ಸಂಶಯಪಟ್ಟೆ.

ಆಗ ನಮಗೆ ತಾಲೂಕು ಕಚೇರಿ ಪುತ್ತೂರಿನಲ್ಲೇ. ಮುಂದಿನ ವಾರ ಅಪ್ಪ ಅವ್ವ ಇಬ್ಬರೂ ಬಂದರು. ಕಚೇರಿಯ ಹೊರಗೆ ಕೂರುವ ಅರ್ಜಿ ಬರೆಯುವವರು ಕೇಳಿದ್ದನ್ನೆಲ್ಲ ಬರೆದುಕೊಂಡು ಗಟ್ಟಿಯಾಗಿ ಓದಿದರು. "ಇಂಥ ಹೆಸರಿನ ನನ್ನ ಮಗನು ಮೃತನಾಗಿರುತ್ತಾನೆ ಎಂದು ಈ ಮೂಲಕ ಪ್ರಮಾಣ ಮಾಡುತ್ತೇನೆ." ಹೆಸರನ್ನು ಎರಡೆರಡು ಸಲ ಬಿಡಿಸಿ ಓದಿದರು. ಅವ್ವನ ಹೆಬ್ಬೆರಳಿಗೆ ಶಾಯಿ ಹಚ್ಚಿ ಕಾಗದ ಮುಂದಿಟ್ಟರು.

ಅವ್ವ ನನ್ನ ಮುಖ ನೋಡಿದಳು. ಕೈ ಹಿಂದಕ್ಕೆ ಎಳೆದುಕೊಂಡಳು.

"ಈ ಹೆಸರಿನವ ಸತ್ತಿದ್ದಾನೆ ಅಂತ ನಾನು ಒತ್ತುದಿಲ್ಲ."

"ಇವನಲ್ಲ ಅಮ್ಮ, ಮೊದಲಿನವ," ಎಂದರು ಅರ್ಜಿಯವರು.

"ಹೆಸರು ಇವನದ್ದೇ ಅಲ್ವಾ? ನಾನು ಒತ್ತುದಿಲ್ಲ." ಶಾಯಿಯ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಇನ್ನೊಂದು ಕೈಯಲ್ಲಿ ನನ್ನ ಅಂಗಿಯ ತೋಳು ಹಿಡಿದಿದ್ದಳು.

ಅಪ್ಪನ ಸಹಿಯಾದರೂ ಸಾಕು ಎಂದರು ಅರ್ಜಿಯವರು. ಅಪ್ಪ ಪೆನ್ನು ತೆಗೆದುಕೊಂಡು ನನ್ನನ್ನು ಕೇಳಿದರು, "ಹಾಕುದಾ?"

ಕಾಗದವನ್ನು ನಾನೇ ಕೈಗೆತ್ತಿಕೊಂಡು ಓದಿದೆ. ಸಾವು ಹೆಸರು ನೋಡಿ ಬರುವುದಿಲ್ಲ ಎಂದು ನನಗಿಂತ ಚೆನ್ನಾಗಿ ತಿಳಿದವರು ಅಲ್ಲಿ ಯಾರೂ ಇರಲಿಲ್ಲ, ವರ್ಷವಿಡೀ ಓದಿದ್ದೇ ಅದನ್ನು. ಆದರೂ ನನ್ನ ಹೆಸರಿನ ಪಕ್ಕದಲ್ಲಿ 'ಮೃತ' ಎಂಬುದನ್ನು ಕಂಡಾಗ ಕಾಗದವನ್ನು ಮಡಚಿಬಿಟ್ಟೆ. ಅವ್ವನ ಮೇಲಿನ ಮರುಕದಿಂದ ಬಿಟ್ಟೆ ಎಂದು ಹೇಳಿಕೊಳ್ಳಬಹುದು, ಆದರೆ ಅದು ಅರ್ಧ ಸುಳ್ಳು. ನನಗೂ ಹೆದರಿಕೆಯಾಗಿತ್ತು.

"ಬೇಡ ಅಪ್ಪ," ಎಂದೆ.

ಅಧ್ಯಾಪಕರಿಗೆ ನಡೆದದ್ದನ್ನು ಹೇಳಿದೆ. ಅವರು, "ವಯಸ್ಸು ನಿಜವಾಗಿಯೂ ದಾಟಿತ್ತು, ಅಲ್ವಾ?" ಎಂದರು. ಕಥೆ ಕಟ್ಟಿದ್ದೇನೆಂದು ಎಣಿಸಿದರೋ ಏನೋ. ನಾನು ವಾದಿಸಲಿಲ್ಲ. ಪುಸ್ತಕ ಹಿಂದಿರುಗಿಸಿದೆ. ಅವರು ಪುಟ ತಿರುವಿ ನೋಡಲಿಲ್ಲ.

ಮುಂದೆ ಸುಳ್ಯದ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾದೆ. ಎಷ್ಟೋ ವರ್ಷ ಅವ್ವನ ಮೇಲಿನ ಸಿಟ್ಟು ಒಳಗೊಳಗೇ ಇತ್ತು, ಮುಂಬೈಯ ಸುದ್ದಿ ಬಂದಾಗಲೆಲ್ಲ ಅದು ಹೆಡೆಯೆತ್ತುತ್ತಿತ್ತು. ಸರ್ಟಿಫಿಕೇಟಿನ ಪ್ರಕಾರ ಫೆಬ್ರವರಿ ಕೊನೆಗೆ ನಿವೃತ್ತಿಯೂ ಆಯಿತು. ಹಾರ ಹಿಡಿದುಕೊಂಡು ಮನೆಗೆ ಬಂದಾಗ ಅವ್ವ ಕೇಳಿದಳು, "ಎಂತ, ಇಷ್ಟು ಬೇಗ ಬಿಟ್ರಾ ನಿನ್ನನ್ನು?"

"ನನ್ನನ್ನಲ್ಲ ಅವ್ವಾ," ಎಂದೆ, ಸ್ವಲ್ಪ ಚುಚ್ಚಿಯೇ. "ಅಣ್ಣನಿಗೆ ಐವತ್ತೆಂಟು ತುಂಬಿತಲ್ಲ, ಅದಕ್ಕೆ."

ಅವ್ವ ಬೆರಳು ಮಡಚಲಿಲ್ಲ, ಯೋಚಿಸಲೂ ಇಲ್ಲ.

"ತುಂಬಿ ಇವತ್ತಿಗೆ ಎಂಟು ದಿನ ಆಯ್ತು," ಎಂದಳು.