ಜೋಗಯ್ಯನ ಮಣ್ಣಿನ ಮೇಲೆ ಹುಟ್ಟಿದ ಗಿಡ

ಗಂಡ ಜೋಗಯ್ಯ ಸತ್ತಾಗ ಸೋಮಿಗೆ ಅಳು ಬರಲಿಲ್ಲ. ಹಾಡಿಯ ಹೆಂಗಸರೆಲ್ಲ ಎದೆ ಬಡಿದುಕೊಂಡು ಅತ್ತರೆ ಇವಳು ನೀರು ಹೊತ್ತಳು, ಒಲೆ ಹೊತ್ತಿಸಿದಳು. ಒಳಗೆ ಏನೋ ಮರಗಟ್ಟಿತ್ತು. ಮಳೆಗಾಲಗಳು ಬಂದು ಹೋದರೂ ಅದು ಹಾಗೇ ಇತ್ತು. ಜನಕ್ಕೇನು, ಕಲ್ಲೆದೆಯವಳು ಅಂದುಬಿಟ್ಟರು.

ಹೂತ ಜಾಗವನ್ನು ನರಿ, ನಾಯಿ ಕೆದಕದಂತೆ ಒಣಮುಳ್ಳು ಹೊದಿಸುವುದು ಹಾಡಿಯ ಪದ್ಧತಿ. ಮುಳ್ಳಿಗೆ ಕಾಡಿಗೆ ಹೋಗೋಣವೆಂದರೆ ಗಾರ್ಡುಗಳು ಬಿಡಬೇಕಲ್ಲ! ಸೋಮಿ ಕೊಪ್ಪದ ದಾರಿಯಲ್ಲಿದ್ದ ಬಂಗಲೆಯ ಬೇಲಿಯಿಂದಲೇ ಕೊಂಬೆ ಕಡಿದು ತಂದಿದ್ದಳು. ಹಸಿ ಕೊಂಬೆ, ಅದೂ ಹಣ್ಣಿನ ಗೊಂಚಲಿನ ಸಮೇತ. ಹಸಿ ಯಾವುದು, ಒಣಗಿದ್ದು ಯಾವುದು ಎಂದು ನೋಡುವ ಗ್ಯಾನ ಆಗ ಅವಳಿಗೆಲ್ಲಿತ್ತು?

ಈಗ ದಿಬ್ಬ ಕರಗಿ ನೆಲ ಸಮವಾಗಿತ್ತು. ಅಲ್ಲೊಂದು ಮುಳ್ಳುಗಿಡ ಎದ್ದು, ಈ ವರ್ಷ ಮೈತುಂಬ ಕೆಂಪು ಹಣ್ಣು ಬಿಟ್ಟಿತ್ತು. ಜೋಗಯ್ಯ ಎಲ್ಲಿ ಮಲಗಿದ್ದಾನೆಂದು ಹೇಳಲು ಬೇರೆ ಗುರುತೇ ಇರಲಿಲ್ಲ.

"ಯಾವ್ ಗಿಡ್ವೋ ಏನೋ ಕಣತ್ಗೆ," ಅಂದ ಮೈದುನ ಮಾದೇಶ. "ನಮ್ ಕಾಡಿಂದಾದ್ರೆ ಇರ್ಲಿ. ಅಲ್ದಿದ್ರೆ ಎಡೆ ಇಕ್ಕೋದ್ರೊಳ್ಗೆ ಕಿತ್ತಾಕ್ಬೇಕು, ಸತ್ತೋರ್ ಮೇಲೆ ಹೊರಗಿನ್ ಗಿಡ ಇರ್ಬಾರ್ದು."

ತಾನು ತಂದ ಕೊಂಬೆಯದೇ ಇರಬೇಕು ಅನ್ನಿಸಿದರೂ ಅದು ಕಾಡಿನ ಜಾತಿಯೋ ಅಲ್ಲವೋ ಸೋಮಿಗೆ ಗೊತ್ತಿರಲಿಲ್ಲ. ಒಂದು ಕಡ್ಡಿ ಮುರಿದುಕೊಂಡು ಕೊಪ್ಪದ ನರ್ಸರಿಗೆ ಹೋದಳು. ಅಲ್ಲಿ ಸಸಿ ಮಾರುವ ಚೈತ್ರ ಹಣ್ಣನ್ನೂ ಮುಳ್ಳನ್ನೂ ತಿರುಗಿಸಿ ನೋಡಿದಳು.

"ಇದು ಪೈರಕಾಂತ ಸೋಮಕ್ಕ. ಕಾಡಿಂದಲ್ಲ, ಅಂದಕ್ಕೆ ಬೇಲಿಗೆ ಹಾಕ್ತಾರೆ."

ಅಲ್ಲಿಗೆ ಮುಗಿಯಿತು, ಕೀಳಲೇಬೇಕು. ಸೋಮಿ ಹೊರಡಲು ತಿರುಗಿದಾಗ ಚೈತ್ರ ಕೇಳಿದಳು:

"ಆ ಬಂಗಲೆ ಬೇಲಿ ಪೂರ್ತಿ ಇದೇ ಅಲ್ವಾ? ಜೋಗಣ್ಣನೇ ಇಲ್ಲಿಂದ ಸಸಿ ಹೊತ್ಕೊಂಡೋಗಿ ನೆಟ್ಟಿದ್ದು. ನಿಮ್ಗೆ ಹೇಳ್ಲಿಲ್ವಾ?"

ಹೇಳಿರಲಿಲ್ಲ. ಕೂಲಿ ಮುಗಿಸಿ ತೋಳತುಂಬ ಗೀರು ಮಾಡಿಕೊಂಡು ಬರುತ್ತಿದ್ದ. ಇವಳು ಗೊಣಗುತ್ತಲೇ ಅರಿಶಿನ ಎಣ್ಣೆ ಸವರುತ್ತಿದ್ದಳು. ಯಾರ ತೋಟ, ಯಾವ ಮುಳ್ಳು ಎಂದು ಒಂದು ದಿನವೂ ಕೇಳಿರಲಿಲ್ಲ.

ವಾಪಸು ಬರುವಷ್ಟರಲ್ಲಿ ಮಾದೇಶ ಗುದ್ದಲಿ ಹಿಡಿದು ನಿಂತಿದ್ದ.

"ಮುಟ್ಬ್ಯಾಡ," ಅಂದಳು ಸೋಮಿ. "ಕಾಡಿಂದಲ್ಲ, ನಿಜ. ನಿಮ್ಮಣ್ಣ ನೆಟ್ಟ ಬೇಲಿದು ಕಣ, ಇದರ ಬೀಜ."

ಗಿಡಕ್ಕೂ ಗುದ್ದಲಿಗೂ ನಡುವೆ ಕೈ ಚಾಚಿದಳು. ಮುಳ್ಳು ತೋಳನ್ನು ಉದ್ದಕ್ಕೆ ಗೀರಿತು. ಅದೇ ಜಾಗ, ಅದೇ ತರದ ಗೀರು. ಸೋಮಿ ಅದನ್ನೇ ನೋಡುತ್ತ ಕುಳಿತುಬಿಟ್ಟಳು.

"ನೋಯ್ತದೆ ಮಾದೇಶ," ಅಂದಳು.

ಮಾದೇಶ ಎಣ್ಣೆ ತರಲು ಓಡಿದ. ಅವನು ಬಂದಾಗಲೂ ಅವಳು ಅಳುತ್ತಲೇ ಇದ್ದಳು.