ಪಪ್ಪನ ಮಂಚ ಜಗಲಿಗೆ ಬಂದ ಬೇಸಗೆ

ನಮ್ಮ ಕಡೆ ಮೊಬೈಲ್ ಟವರುಗಳು ಒಂದೊಂದಾಗಿ ಏಳುತ್ತಿದ್ದ ಆ ಕಾಲದಲ್ಲಿ ಇಗರ್ಜಿಗೆ, ಅಂದರೆ ಚರ್ಚಿಗೆ, ಭಾನುವಾರದ ಪೂಜೆಗೆ ತಡವಾಗಿ ಬರುವವರು ಬೇಕಾದಷ್ಟು ಜನ ಇದ್ದರು. ಬೇಕೆಂದೇ ತಡಮಾಡುತ್ತಿದ್ದವಳು ನನ್ನ ಮಮ್ಮಿ ಒಬ್ಬಳೇ. ಬೇಗ ಹೋದರೆ ಬೆಂಚಿನ ಒಳಬದಿಗೆ ಸರಿದು ಕೂರಬೇಕಾಗುತ್ತದೆ. ಪಾದ್ರಿ ಕ್ರಿಸ್ತನ ಶರೀರವೆಂದು ರೊಟ್ಟಿ ಕೊಡುವ ಪರಮಪ್ರಸಾದದ ಹೊತ್ತಿಗೆ ಎಲ್ಲರೂ ಎದ್ದು ಸಾಲಿಗೆ ಹೋಗುವಾಗ ಅವಳು ಮಾತ್ರ ಕೂತಲ್ಲೇ ಮೊಣಕಾಲು ಓರೆ ಮಾಡಿ ದಾರಿ ಬಿಡಬೇಕು. ಅದಕ್ಕೇ ಅವಳ ಜಾಗ ಹಿಂದಿನ ಕಂಬದ ಬಳಿ. ಪಪ್ಪ ಅಷ್ಟೂ ಒಳಗೆ ಬರುತ್ತಿರಲಿಲ್ಲ. ಇಗರ್ಜಿಯ ಹೊರಗೆ ಮಾವಿನ ಮರದಡಿ ಬೈಕಿನ ಮೇಲೆ ಕೂತು ಪೂಜೆ ಕೇಳುತ್ತಿದ್ದರು.

ಕಾರಣ ಊರಿಗೆಲ್ಲ ಗೊತ್ತಿತ್ತು, ನನಗೆ ತಿಳಿದದ್ದು ದೊಡ್ಡವಳಾದ ಮೇಲೆ. ಮಮ್ಮಿಗೆ ಮೊದಲೊಂದು ಮದುವೆಯಾಗಿತ್ತು. ಆ ಮನುಷ್ಯ ಹೊಡೆದು ಬಡಿದು ಮಾಡಿ, ಗಲ್ಫಿಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಕೋರ್ಟು ಡೈವೋರ್ಸ್ ಕೊಟ್ಟಿತು. ಆದರೆ ದೇವರ ಮುಂದೆ ಆದ ಮದುವೆಯನ್ನು ಕೋರ್ಟು ಮುರಿಯಲಾರದು ಎಂಬುದು ನಮ್ಮ ಧರ್ಮಸಭೆಯ ಬೋಧನೆ. ಹಾಗಾಗಿ ವಾಮದಪದವಿನ ಸುತ್ತಮುತ್ತ ಮನೆಗಳಿಗೆ ವಯರಿಂಗ್ ಮಾಡಿಕೊಂಡಿದ್ದ ಪಪ್ಪನನ್ನು ಅವಳು ಮದುವೆಯಾದದ್ದು ಬಂಟ್ವಾಳದ ರಿಜಿಸ್ಟ್ರಾರ್ ಕಚೇರಿಯಲ್ಲಿ. ಇಗರ್ಜಿಯ ಮಟ್ಟಿಗೆ ಅವಳು ಆ ಹೊಡೆದವನ ಹೆಂಡತಿಯಾಗಿಯೇ ಉಳಿದಳು. ಪಪ್ಪನ ಜೊತೆ ಸಂಸಾರ ಮಾಡುತ್ತಿರುವಷ್ಟು ಕಾಲ ಇಬ್ಬರಿಗೂ ಪ್ರಸಾದವಿಲ್ಲ.

ಆ ವರ್ಷ ಮೇ ತಿಂಗಳಲ್ಲಿ ನನ್ನ ಮೊದಲ ಪರಮಪ್ರಸಾದ. ಅದಕ್ಕೆ ಮೊದಲು, ಈಸ್ಟರಿಗೆ ಮುಂಚಿನ ಉಪವಾಸದ ತಪಸ್ಸುಕಾಲ ನಡೆಯುತ್ತಿತ್ತು, ಊರೆಲ್ಲ ಗೇರುಹಣ್ಣಿನ ವಾಸನೆ. ನೆರೆಮನೆಯ ನೀನಾ ಮತ್ತು ನಾನು ಗೇರುಮರದಡಿ ಪೂಜೆಯಾಟ ಆಡುತ್ತಿದ್ದೆವು. ಹೆಗಲಿಗೆ ಬೈರಾಸಿನ ಟವೆಲು ಹಾಕಿಕೊಂಡ ಅವಳು ಪಾದ್ರಿ, ಬಾಳೆಕಾಯಿ ಚಿಪ್ಸೇ ಪ್ರಸಾದ. ಒಂದು ದಿನ ನನ್ನ ಪಾಲು ತಿಂದು ಮತ್ತೆ ಕೈಯೊಡ್ಡಿದೆ. "ಇದು ಮಮ್ಮಿಗೆ."

"ನಿನ್ನ ಮಮ್ಮಿಗೆ ಕೊಡ್ಲಿಕ್ಕಿಲ್ಲ," ಎಂದಳು ನೀನಾ. "ನಮ್ಮ ಮನೆಯಲ್ಲಿ ಹೇಳ್ತಾರೆ."

ಚಿಪ್ಸನ್ನೆಲ್ಲ ಮಣ್ಣಿಗೆ ಚೆಲ್ಲಿ ಮನೆಗೆ ಓಡಿದೆ. ಮೊದಲ ಪ್ರಸಾದದ ದಿನ ತಂದೆ ತಾಯಿ ಮಗುವಿನ ಎರಡೂ ಬದಿಗೆ ನಿಂತು ಜೊತೆಯಲ್ಲೇ ಸ್ವೀಕರಿಸುವುದು ನಮ್ಮಲ್ಲಿ ರೂಢಿ. "ನೀವಿಬ್ಬರೂ ತೆಗೊಳ್ಳದಿದ್ರೆ ನಂಗೂ ಬೇಡ," ಎಂದು ಹಟ ಹಿಡಿದು ಅತ್ತೆ. ಮಮ್ಮಿ ಗದರಿಸಲಿಲ್ಲ. ಮರುದಿನ ಸೀರೆ ಬದಲಾಯಿಸಿಕೊಂಡು ಇಗರ್ಜಿಯ ಮುಖ್ಯ ಪಾದ್ರಿ ವಿಗಾರರನ್ನು ಕಾಣಲು ಹೋದಳು.

ಬಂದವಳು ಅಡಿಗೆಮನೆಯಲ್ಲಿ ಪಪ್ಪನಿಗೆ ಹೇಳಿದಳು. ನಾನು ಅಲ್ಲೇ ಹಲಸಿನ ಬೀಜ ಸುಲಿಯುತ್ತಿದ್ದೆ. ಮಕ್ಕಳಿಗೆ ಇದೆಲ್ಲ ತಿಳಿಯದು ಎಂದುಕೊಂಡಿರಬೇಕು.

"ಒಂದು ದಾರಿ ಉಂಟಂತೆ. ಮಗಳಿಗೋಸ್ಕರ ಒಂದೇ ಮನೆಯಲ್ಲಿ ಇರಬಹುದಂತೆ. ಆದ್ರೆ ಅಣ್ಣ ತಂಗಿಯ ಹಾಗೆ ಇರ್ಬೇಕಂತೆ. ಆಗ ಪಾಪನಿವೇದನೆ ಮಾಡಿ ಪ್ರಸಾದ ತೆಗೊಳ್ಬಹುದು."

ಪಪ್ಪ ಕೈಯಲ್ಲಿದ್ದ ಟೆಸ್ಟರನ್ನು ತಿರುಗಿಸುತ್ತ ಕೂತರು. "ನಿಂಗೆ ಅಷ್ಟು ಆಸೆ ಉಂಟಾ ಮಾರಾಯ್ತಿ?"

"ಉಂಟು."

"ಹಾಗಾದ್ರೆ ಆಗ್ಲಿ. ಜಗಲಿಯಲ್ಲಿ ಗಾಳಿಯೂ ಚಂದ ಬರ್ತದೆ."

ಅಂದೇ ಸಂಜೆ ಮಂಚ ಜಗಲಿಗೆ ಬಂತು. ನನಗೋ ಖುಷಿಯೇ ಖುಷಿ. ಅಣ್ಣ ತಂಗಿ ಎಂದರೆ ಒಳ್ಳೆಯದೇ ಅಲ್ಲವೇ?

ವಿಗಾರರು ಹೇಳಿದ್ದು ಹಾಸಿಗೆಯ ಮಾತು ಮಾತ್ರ. ಅಣ್ಣ ತಂಗಿ ಎಷ್ಟು ಹತ್ತಿರ ಕೂರಬಹುದು, ಏನು ಮುಟ್ಟಬಹುದು ಎಂದು ಅವರು ಹೇಳಲಿಲ್ಲ, ಇವರು ನಾಚಿಕೆಯಿಂದ ಕೇಳಲಿಲ್ಲ. ಆದ್ದರಿಂದ ಎಲ್ಲವನ್ನೂ ಬಿಟ್ಟರು. ಭಾನುವಾರ ಬೆಳಿಗ್ಗೆ ಪಪ್ಪನನ್ನು ಮೆಟ್ಟಿಲ ಮೇಲೆ ಕೂರಿಸಿ ತಲೆಗೆ ತೆಂಗಿನೆಣ್ಣೆ ತಟ್ಟುತ್ತಿದ್ದವಳು ಈಗ ಎಣ್ಣೆಯ ಗಿಂಡಿಯನ್ನು ಮೆಟ್ಟಿಲಲ್ಲಿಟ್ಟು ಒಳಗೆ ಹೋಗುತ್ತಿದ್ದಳು. ಪಪ್ಪ ಅದನ್ನು ನೋಡಿ ಹಾಗೇ ಬಿಡುತ್ತಿದ್ದರು. ಬೈಕಿನ ಹಿಂದೆ ಕೂರುವುದನ್ನೂ ಬಿಟ್ಟು ಅವಳು ಬಸ್ಸು ಹಿಡಿದಳು. ನೀರುದೋಸೆಯ ಬಟ್ಟಲನ್ನು ಕೈಗೆ ಕೊಡದೆ ನೆಲದಲ್ಲಿಟ್ಟು ಸರಿಸುತ್ತಿದ್ದಳು. ನಗು ತುಂಬಿದ್ದ ಮನೆಯಲ್ಲಿ ನೆಂಟರ ಮನೆಯ ಮರ್ಯಾದೆ ಬಂದು ಕೂತಿತು.

ಈಸ್ಟರಿಗೆ ಮೊದಲು ಇಬ್ಬರ ಪಾಪನಿವೇದನೆಯೂ ಆಯಿತು. ನನ್ನ ಬಿಳಿ ಫ್ರಾಕಿಗೆ ಗಂಜಿ ಹಾಕಿ ಒಣಗಿಸಿದ್ದ ದಿನ ವಿಗಾರರೇ ಮನೆಗೆ ಬಂದರು. ವಯಸ್ಸಾದವರು, ಕೆಟ್ಟವರಲ್ಲ. ಚಹಾದ ಲೋಟ ಹಿಡಿದು, ನಮ್ಮಲ್ಲಿ ಹೆಂಗಸರನ್ನು ಕರೆಯುವಂತೆ ಮಮ್ಮಿಯನ್ನು ‘ಬಾಯಿ’ ಎಂದು ಕರೆದು ಅವರು ಹೇಳಿದ್ದು ಇನ್ನೂ ಕಿವಿಯಲ್ಲಿದೆ.

"ಬಾಯಿ, ದೇವರ ಲೆಕ್ಕದಲ್ಲಿ ನಿಮಗೆ ತಡೆ ಇಲ್ಲ. ಆದ್ರೆ ಇಲ್ಲಿ ಬೇಡ. ಮಂಚ ಎಲ್ಲುಂಟು ಅಂತ ನಾನು ಊರಿಗೆ ಸಾರ್ಲಿಕ್ಕಾಗ್ತದಾ? ನೋಡಿದವರು ತಪ್ಪು ತಿಳ್ಕೊಳ್ತಾರೆ. ನಿಮ್ಮ ಗುರುತು ಇಲ್ಲದ ಕಡೆ ಹೋಗಿ, ಮೂಡುಬಿದಿರೆ ಬದಿಗೆ."

"ಮಗಳ ದಿನ ಒಂದು ಸಲ ಇಲ್ಲೇ ಕೊಡಿ, ಫಾದರ್," ಎಂದರು ಪಪ್ಪ. ವಿಗಾರರು ತಲೆ ತಗ್ಗಿಸಿ ಲೋಟ ಕೆಳಗಿಟ್ಟರು. ನನಗೆ ಆಗ ಬಂದ ಸಿಟ್ಟು ಈಗಲೂ ಇಳಿದಿಲ್ಲ.

ನನ್ನ ಮೊದಲ ಪ್ರಸಾದದ ದಿನ ಮೇಣದಬತ್ತಿ ಹಿಡಿದು ಇಬ್ಬರೂ ನನ್ನ ಜೊತೆ ಪೀಠದವರೆಗೆ ಬಂದರು. ನನ್ನ ಸರದಿ ಬಂದಾಗ ಇಬ್ಬರೂ ಒಂದೊಂದು ಹೆಜ್ಜೆ ಹಿಂದೆ ಸರಿದರು. ಇಡೀ ಇಗರ್ಜಿ ನೋಡುತ್ತಿತ್ತು. ಬಾಯಲ್ಲಿ ಪ್ರಸಾದ ಕರಗುತ್ತಿದ್ದರೆ ನನಗೆ ಅಳು ತಡೆಯಲಾಗಲಿಲ್ಲ. ಭಕ್ತಿ ಎಂದುಕೊಂಡು ಕಾನ್ವೆಂಟಿನ ಸಿಸ್ಟರು ತಲೆ ಸವರಿದರು.

ಮುಂದಿನ ಭಾನುವಾರ ಬಸ್ಸಿನಲ್ಲಿ ಮೂಡುಬಿದಿರೆಗೆ ಹೋದೆವು. ಮಮ್ಮಿ ಸೆರಗು ಹಣೆಯವರೆಗೆ ಎಳೆದುಕೊಂಡು ಸಾಲಿನಲ್ಲಿ ನಿಂತಳು, ನಾಲ್ಕು ಜನ ಬಿಟ್ಟು ಹಿಂದೆ ಪಪ್ಪ. ಪ್ರಸಾದ ತೆಗೆದುಕೊಂಡು ಬಂದವಳು ಪೂಜೆ ಮುಗಿಯುವವರೆಗೂ ಮುಖ ಮುಚ್ಚಿಕೊಂಡಿದ್ದಳು. ಅವಳಿಗೆ ಸಂತೋಷವಾಗಿತ್ತು, ಅದು ನನಗೆ ಗೊತ್ತು, ಅದನ್ನು ಸುಳ್ಳೆನ್ನಲಾರೆ. ವಾಪಸು ಬರುವಾಗ ಪಪ್ಪನ ಪಕ್ಕದ ಸೀಟು ಖಾಲಿ ಇದ್ದರೂ ಅವಳು ನನ್ನನ್ನೆಳೆದುಕೊಂಡು ಮುಂದೆ ಹೋಗಿ ಕೂತಳು.

ಮಳೆಗಾಲ ಬಂತು. ಪಪ್ಪ ಜಗಲಿಗೆ ಟಾರ್ಪಾಲು ಕಟ್ಟಿದರು. ಮಂಚ ಮತ್ತೆ ಒಳಗೆ ಹೋಗಲೇ ಇಲ್ಲ. ನಾನು ಓದಿದೆ, ಮದುವೆಯಾದೆ. ಮೊದಲ ಮದುವೆ ಸಿಂಧುವೇ ಅಲ್ಲ ಎಂದು ಇಗರ್ಜಿಯ ನ್ಯಾಯಮಂಡಳಿಯಲ್ಲಿ ತೀರ್ಪು ಪಡೆಯುವುದು ಈಗ ಮೊದಲಿನಷ್ಟು ಕಷ್ಟವಲ್ಲ ಎನ್ನುತ್ತಾರೆ. ಆ ದಾರಿಯೂ ಉಂಟೆಂದು ಆಗ ನಮಗೆ ಯಾರೂ ಹೇಳಲಿಲ್ಲ. ನನಗೆ ತಿಳಿದು ನಾನು ಹೇಳಿದಾಗ ಮಮ್ಮಿ, "ಇನ್ನು ಈ ಪ್ರಾಯದಲ್ಲಿ ಎಂತಕ್ಕೆ ಬಾಯೆ," ಎಂದಳು.

ಕಳೆದ ವರ್ಷ ಬೆಳ್ತಂಗಡಿಯಲ್ಲಿ ಕೆಲಸ ಮುಗಿಸಿ ಬರುವಾಗ ಪಪ್ಪ ಎದೆ ಹಿಡಿದುಕೊಂಡು ಬಿದ್ದರು, ಮತ್ತೆ ಏಳಲಿಲ್ಲ. ಮಣ್ಣು ಮಾಡುವ ದಿನದ ಪೂಜೆಯಲ್ಲಿ ಮಮ್ಮಿ ನಮ್ಮ ಇಗರ್ಜಿಯಲ್ಲೇ, ಎಲ್ಲರೆದುರು ಸಾಲಿಗೆ ಹೋಗಿ ಪ್ರಸಾದ ತೆಗೆದುಕೊಂಡಳು. ಇನ್ನು ಯಾರೂ ತಪ್ಪು ತಿಳಿಯುವ ಹಾಗಿರಲಿಲ್ಲ, ಪಪ್ಪ ಪೆಟ್ಟಿಗೆಯಲ್ಲಿದ್ದರು.

ಪೆಟ್ಟಿಗೆ ಮುಚ್ಚುವ ಮೊದಲು ಮನೆಯವರು ಹಣೆಗೆ ಮುತ್ತು ಕೊಡುತ್ತಾರೆ. ನಾನು ಕೊಟ್ಟು ಸರಿದೆ. ಮಮ್ಮಿ ಬಂದು ನಿಂತಳು, ಬಗ್ಗಲಿಲ್ಲ. ಈಗಿನ ವಿಗಾರರು ಎಳೆಯ ಪ್ರಾಯದವರು. ಅವರ ಕಡೆ ತಿರುಗಿ ಮೆಲ್ಲನೆ ಕೇಳಿದಳು:

"ಫಾದರ್, ನಾನು ಕೊಡಬಹುದಾ?"

ಅವರಿಗೆ ಅರ್ಥವಾಗಲಿಲ್ಲ. "ಅದನ್ನು ಕೇಳ್ಬೇಕಾ ಬಾಯಿ? ನಿಮ್ಮ ಗಂಡ ಅಲ್ವಾ?"

ಒಬ್ಬ ಪಾದ್ರಿಯ ಬಾಯಿಂದ ಆ ಮಾತನ್ನು ಅವಳು ಕೇಳಿದ್ದು ಅದೇ ಮೊದಲು. ಬಗ್ಗಿ ಹಣೆಗೆ ತುಟಿಯಿಟ್ಟಳು, ಕೂದಲಲ್ಲಿ ಒಮ್ಮೆ ಬೆರಳಾಡಿಸಿದಳು. ಮನೆಗೆ ಬಂದು ಖಾಲಿ ಮಂಚದ ತುದಿಯಲ್ಲಿ ಕೂತು ಅವಳು ಹೇಳಿದ್ದು ಒಂದೇ ಮಾತು.

"ತಲೆಗೆ ಎಣ್ಣೆಯೇ ಹಾಕ್ಲಿಲ್ಲ ನೋಡು ಅವರು. ಕೂದಲೆಲ್ಲ ಒರಟು."